ದ್ವಾರಕಾನಾಥ ನೋಡದ ಫ್ರಾನ್ಸ್

ಫ್ರಾನ್ಸಿನಿಂದ ಬಂದು ಸೂಟ್‌ಕೇಸುಗಳನ್ನು ಇನ್ನೂ ಬಿಚ್ಚಿರಲಿಲ್ಲ, ಆಗಲೇ ನಿರುಪಮಾಳ ಫೋನ್ ಬಂತು.

“ಏನ್ರೀ ಪದ್ಮಜಾ, ಸ್ಲೈಡ್ಸ್ ಯಾವಾಗ ತೋರಸ್ತೀರಿ? ನಮ್ಮನಿಯವರು ಈಗಿಂದನ ದಿಂಬು ತಗದಿಟ್ಕೊಂಡು ಕೂತಾರ.”

ದಿಂಬಿನ ಮಾತಿಗೆ ಹಿನ್ನೆಲೆಯಿತ್ತು. ನಿರುಪಮಾಳ ಗಂಡ ಶಿವಶಂಕರಪ್ಪ ಧಾರವಾಡದ ಕಡೆಯ ಡಾಕ್ಟರು. ನ್ಯೂಜೆರ್ಸಿಯ ಮೆಟುಚೆನ್ ಊರಿನಲ್ಲೇ ಎರಡು ಬೀದಿಯಾಚೆ ಅವರ ಮನೆ. ಗ್ರ್ಯಾಂಡ್ ಕ್ಯಾನ್ಯನ್ನಿಗೆ ಹೋಗಿಬಂದ ವರ್ಷ ಪದ್ಮಜಾಳ ಗಂಡ ದ್ವಾರಕಾನಾಥ ನೂರಾ ಅರವತ್ತು ಸ್ಲೈಡು ತೋರಿಸಿದಾಗ ಈ ಡಾಕ್ಟರು ಆರನೆಯ ಬಂಡೆಗೇ ನಿದ್ದೆಹೋಗಿ, ಅವರ ಗೊರಕೆಯೂ ಪ್ರೊಜೆಕ್ಟರಿನ ಫ್ಯಾನೂ ಜುಗಲ್‌ಬಂದಿ ನಡೆಸಿದ್ದವು. ಆದರೂ ಸುತ್ತಮುತ್ತಲಿನ ಕನ್ನಡದವರು ಯಾರೂ ದ್ವಾರಕಾನಾಥನ ಸ್ಲೈಡ್ ಸಂಜೆಗಳನ್ನು ತಪ್ಪಿಸಿಕೊಳ್ಳುತ್ತಿರಲಿಲ್ಲ. ಕೊನೆಯ ಸ್ಲೈಡಿನ ಹಿಂದೆಯೇ ಪದ್ಮಜಾಳ ಆಲೂಗಡ್ಡೆ ಬೋಂಡ ಬರುತ್ತಿತ್ತಲ್ಲ!

“ತೋರಿಸ್ತಾರೆ ಬಿಡಿ, ಎಲ್ಲಿ ಹೋಗ್ತಾರೆ,” ಎಂದು ಪದ್ಮಜಾ ಫೋನಿಟ್ಟಳು. ಇಟ್ಟವಳು ಅಲ್ಲೇ ಗೋಡೆಗೊರಗಿ ಒಬ್ಬಳೇ ನಕ್ಕಳು. ಈ ಸಲ ಒಂದು ಸಣ್ಣ ಅಡಚಣೆಯಿತ್ತು. ದ್ವಾರಕಾನಾಥ ಫ್ರಾನ್ಸಿಗೆ ಹೋಗಿದ್ದನೇ ಹೊರತು ಫ್ರಾನ್ಸನ್ನು ನೋಡಿರಲಿಲ್ಲ.

ಅದಕ್ಕೆ ಕಾರಣ ಹತ್ತು ಪೌಂಡು ಅಕ್ಕಿ.

ಅದು ಎಪ್ಪತ್ತನಾಲ್ಕನೆಯ ಇಸವಿ. ಬ್ರಿಡ್ಜ್‌ವಾಟರ್ ಕಡೆಯ ಒಂದು ಔಷಧಿ ಕಂಪನಿಯಲ್ಲಿ ದ್ವಾರಕಾನಾಥ ಕೆಮಿಸ್ಟು. ಜೂನ್ ತಿಂಗಳಲ್ಲಿ ಫ್ರಾನ್ಸಿನ ತುಲೂಸ್ ಎಂಬ ಊರಿನಲ್ಲಿ ಅವನಿಗೊಂದು ಕಾನ್ಫರೆನ್ಸು ಬಿತ್ತು. ಅವನ ಲ್ಯಾಬಿನಲ್ಲಿದ್ದ ಮಾರ್ಗರೆಟ್ ಫ್ರೆಂಚ್ ಮೂಲದವಳು. ತುಲೂಸಿನಿಂದ ಮೂರು ಗಂಟೆ ಡ್ರೈವ್ ಮಾಡಿದರೆ ದೋರ್ದೋನ್ ಎಂಬ ನದಿಯ ಕಣಿವೆ ಇದೆ, ಅಲ್ಲಿ ಏಳುನೂರು ವರ್ಷದ ಹಳ್ಳಿಗಳಿವೆ, ಅಂಥದೊಂದು ಹಳ್ಳಿಯಲ್ಲಿ ತನ್ನ ಸೋದರತ್ತೆ ಕಲ್ಲಿನ ಮನೆಯ ಮಹಡಿಯನ್ನು ಬೇಸಗೆಯಲ್ಲಿ ಬಾಡಿಗೆಗೆ ಕೊಡುತ್ತಾಳೆ, ಹೆಂಡತಿಯನ್ನೂ ಕರೆದುಕೊಂಡು ಹೋಗಿ ಒಂದು ವಾರ ಇದ್ದು ಬಾ ಎಂದು ಅವಳೇ ಹೇಳಿ, ಅವಳೇ ಕಾಗದ ಬರೆದು ಏರ್ಪಾಡು ಮಾಡಿದಳು. ಹದಿಮೂರು ವರ್ಷದ ಮಗಳು ರೇಣುವನ್ನು ನಿರುಪಮಾಳ ಮನೆಯಲ್ಲಿ ಬಿಡುವುದೆಂದಾಯಿತು.

ಎಲ್ಲ ಸರಿ, ಊಟ? ಬ್ರಿಡ್ಜ್‌ವಾಟರಿನ ತ್ರಿಪುರಸುಂದರಿ ಆಂಟಿ ಮೊದಲೇ ಹೆದರಿಸಿಟ್ಟಿದ್ದರು: “ಫ್ರೆಂಚರು ಕಪ್ಪೆ ತಿಂತಾರಂತೆ, ಬಸವನಹುಳ ತಿಂತಾರಂತೆ. ವೆಜಿಟಬಲ್ ಸೂಪು ಅಂತ ಕೊಡ್ತಾರೆ ಕಣಮ್ಮ, ಕಲಕಿ ನೋಡಬೇಕು!”

ದ್ವಾರಕಾನಾಥ ಅದನ್ನು ವೇದವಾಕ್ಯವೆಂದು ತೆಗೆದುಕೊಂಡ. ಹತ್ತು ಪೌಂಡು ಅಕ್ಕಿ, ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದ ಅಂಗಡಿಯಿಂದ ತಂದ ತೊಗರಿಬೇಳೆ, ಪ್ರೆಶರ್ ಕುಕ್ಕರು, ಸಾರಿನ ಪುಡಿ, ಚಟ್ನಿಪುಡಿ, ಎರಡು ಬಾಟಲಿ ಉಪ್ಪಿನಕಾಯಿ ಎಲ್ಲವೂ ಕಂದು ಬಣ್ಣದ ಸೂಟ್‌ಕೇಸಿಗೆ ಇಳಿದವು. ಈಳಿಗೆಮಣೆಯನ್ನೂ ಇಡುವವನಿದ್ದ.

“ವಿಮಾನದಲ್ಲಿ ಈಳಿಗೆಮಣೆ ತಗೊಂಡು ಹೋದ್ರೆ ನಮ್ಮನ್ನ ಹೈಜಾಕರ್ಸ್ ಅಂತ ಹಿಡೀತಾರೆ ಕಣ್ರೀ,” ಎಂದು ಪದ್ಮಜಾ ಅಡ್ಡ ನಿಂತಿದ್ದರಿಂದ ಅದೊಂದು ನ್ಯೂಜೆರ್ಸಿಯಲ್ಲೇ ಉಳಿಯಿತು.

ಕಾನ್ಫರೆನ್ಸು ಮುಗಿಸಿ, ಬಾಡಿಗೆ ಕಾರಿನಲ್ಲಿ ಆ ಹಳ್ಳಿ ಸೇರಿದಾಗ ಮಧ್ಯಾಹ್ನ ಮೂರು ಗಂಟೆ. ಕಾರು ಚೌಕದಲ್ಲೇ ನಿಲ್ಲಬೇಕು, ಮನೆಗೆ ಕಲ್ಲಿನ ಮೆಟ್ಟಿಲು ಹತ್ತಬೇಕು. ಕಂದು ಸೂಟ್‌ಕೇಸನ್ನು ತಾನೇ ಎತ್ತಿಕೊಂಡು ದ್ವಾರಕಾನಾಥ ಒಂಬತ್ತು ಮೆಟ್ಟಿಲು ಹತ್ತಿದ. ಒಂಬತ್ತನೆಯದರಲ್ಲಿ ಅವನ ಬೆನ್ನೊಳಗೆ ಏನೋ ಕಟಕ್ ಎಂದಿತು. ಸೊಂಟದಿಂದ ಮೇಲಿನ ಭಾಗ ಬಾಗಿದ್ದು ಬಾಗಿದ ಹಾಗೆಯೇ ನಿಂತುಬಿಟ್ಟಿತು. ಮೇಲೆ ಬಾಗಿಲಲ್ಲಿ ಮಾರ್ಗರೆಟ್‌ಳ ಸೋದರತ್ತೆ ಮದಾಮ್ ಓದೆತ್ ಕಾಯುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಕೃಶ ದೇಹ, ಗಂಡಸರ ಬೂಟು. ಭಾರತದಿಂದ ಬಂದವರು ಹೀಗೇ ವಂದಿಸುತ್ತಾರೇನೋ ಎಂದುಕೊಂಡು ಆಕೆಯೂ ಸೊಂಟ ಬಗ್ಗಿಸಿ ಅಷ್ಟೇ ಆಳವಾಗಿ ನಮಸ್ಕಾರ ಮಾಡಿದಳು. ಅವನು ಏಳಲಿಲ್ಲ. ಮರ್ಯಾದೆಗೆ ಆಕೆಯೂ ಏಳಲಿಲ್ಲ. ನಡುವೆ ನಿಂತ ಪದ್ಮಜಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಊರಿನ ಡಾಕ್ಟರು ಸೈಕಲ್ಲಿನಲ್ಲಿ ಬಂದು ಇಂಜೆಕ್ಷನ್ ಚುಚ್ಚಿದರು. ಆರು ದಿನ ಅಲುಗಾಡಬಾರದು, ಗಟ್ಟಿ ಹಲಗೆಯ ಮೇಲೆ ಅಂಗಾತ ಮಲಗಿರಬೇಕು ಎಂದು ಕೈಸನ್ನೆಯಲ್ಲಿ ತಿಳಿಸಿದರು. ಮನೆಯಲ್ಲಿ ಅಷ್ಟುದ್ದದ ಹಲಗೆಯಿರಲಿಲ್ಲ. ಮದಾಮ್ ಓದೆತ್ ಹಿತ್ತಿಲಿಗೆ ಹೋದಳು, ಅರ್ಧ ಗಂಟೆ ಬಿಟ್ಟು ಪಕ್ಕದ ಮನೆಯವನ ಕೈಯಲ್ಲಿ ಒಂದು ಹಳೆಯ ಬಾಗಿಲನ್ನು ಹೊರಿಸಿಕೊಂಡು ಬಂದಳು. ಅದನ್ನು ಹಾಸಿಗೆಯಡಿ ತೂರಿಸಿದರು. ಅದು ಕೋಳಿಗೂಡಿನ ಬಾಗಿಲು ಎಂಬುದು ಪದ್ಮಜಾಳಿಗೆ ಮರುದಿನ ಹಿತ್ತಿಲಿಗಿಳಿದಾಗ ಗೊತ್ತಾಯಿತು. ಬೆಳ್ಳುಳ್ಳಿ ಮುಟ್ಟಿದ ಚಾಕುವಿನಲ್ಲಿ ಹಣ್ಣು ಹೆಚ್ಚಿದರೆ ಮುಖ ಸಿಂಡರಿಸುವ ಗಂಡನಿಗೆ ಆ ಸ್ಥಿತಿಯಲ್ಲಿ ಇದನ್ನು ಹೇಳುವುದು ಕ್ರೌರ್ಯವೆಂದು ಅವಳು ಸುಮ್ಮನಾದಳು. ಆಮೇಲೆ ಸುಮ್ಮನಿರುವುದೇ ಹಿತವೆನಿಸಿತು.

ಬೆಳಿಗ್ಗೆ ಎಂಟಕ್ಕೆ ಕುಕ್ಕರು ಕೂಗುತ್ತಿತ್ತು. ಅನ್ನ, ಸಾರು, ಒಂದು ಬಟ್ಟಲು ಮೊಸರು, ಉಪ್ಪಿನಕಾಯಿ ಎಲ್ಲ ಗಂಡನ ಕೈಗೆಟುಕುವಂತೆ ಸ್ಟೂಲಿನ ಮೇಲಿಟ್ಟರೆ ಸಂಜೆ ಆರರವರೆಗೆ ಪದ್ಮಜಾಳನ್ನು ಕೇಳುವವರಿಲ್ಲ. ಯಾವ ಅಕ್ಕಿ ಅವನನ್ನು ಮಲಗಿಸಿತೋ ಅದೇ ಅಕ್ಕಿ ಅವಳ ಕಾಲಿಗೆ ಚಕ್ರ ಕಟ್ಟಿತು.

“ಪದ್ದು, ಫೋಟೋಗಳು!” ಎಂದು ಅವನು ಮಲಗಿದಲ್ಲಿಂದಲೇ ಕೂಗಿದ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಆ ಕ್ಯಾಮೆರಾವನ್ನು ಅವಳು ಧೂಳು ಒರೆಸುವುದಕ್ಕೆ ಬಿಟ್ಟರೆ ಮುಟ್ಟಿದವಳಲ್ಲ. “ಬಿಸಿಲಿದ್ರೆ ಅಪರ್ಚರ್ ಹದಿನಾರು, ಮೋಡ ಇದ್ರೆ ಎಂಟು. ಕೈ ನಡುಗಿಸ್ಬೇಡ. ಕೋಟೆಗಳನ್ನ ತೆಗಿ. ಸುಮ್ಸುಮ್ನೆ ರೋಲು ವೇಸ್ಟ್ ಮಾಡ್ಬೇಡ.”

ಕೋಟೆಗಳನ್ನು ತೆಗೆದಳು. ತೆಗೆಯದಿರುವುದಕ್ಕೆ ಆಗುವಂತೆಯೂ ಇರಲಿಲ್ಲ. ಎಲ್ಲಿ ತಿರುಗಿದರೂ ಕೋಟೆಯೇ. ಜೇನುತುಪ್ಪದ ಬಣ್ಣದ ಕಲ್ಲಿನ ಮನೆಗಳು ಒಂದರ ಬೆನ್ನಿಗೊಂದು ಬಂಡೆಗೆ ಅಂಟಿಕೊಂಡಿದ್ದವು. ಕೆಳಗೆ ನದಿ ನಿಧಾನವಾಗಿ ಬಳುಕುತ್ತಿತ್ತು. ಈ ದಡದ ಗುಡ್ಡದ ಮೇಲೊಂದು ಕೋಟೆ, ಆ ದಡದ ಗುಡ್ಡದ ಮೇಲೊಂದು, ಎರಡೂ ಮುಖಾಮುಖಿ. ಒಬ್ಬಳ ಅಡಿಗೆಮನೆಯಲ್ಲಿ ಏನು ಬೇಯುತ್ತಿದೆ ಎಂದು ಇನ್ನೊಬ್ಬಳು ಹೊಂಚಿ ನೋಡುವ ವಾರಗಿತ್ತಿಯರ ಮನೆಗಳ ಹಾಗೆ ಅವು ಆರುನೂರು ವರ್ಷದಿಂದ ಒಂದನ್ನೊಂದು ದುರುಗುಟ್ಟುತ್ತಿದ್ದವು.

ಅವನ್ನು ನೋಡಿ ಪದ್ಮಜಾ ದಾರಿಯಲ್ಲೇ ನಿಂತಳು. ಇದು ತನಗೆ ಗೊತ್ತು! ಮೈಸೂರಿನ ಕಾಲೇಜಿನಲ್ಲಿ ಬಿ.ಎ. ಆನರ್ಸಿಗೆ ಯುರೋಪಿನ ಮಧ್ಯಯುಗವೇ ಅವಳ ವಿಷಯ. ಇಂಗ್ಲಿಷರಿಗೂ ಫ್ರೆಂಚರಿಗೂ ನಡೆದ ನೂರು ವರ್ಷದ ಯುದ್ಧಕ್ಕೆ ಅವಳು ನಕ್ಷೆ ಬರೆದಿದ್ದಳು. ನೀಲಿ ಪೆನ್ಸಿಲಿನಲ್ಲಿ ಇದೇ ನದಿಯನ್ನು ಎಳೆದು, ಈ ದಡದಲ್ಲಿ ಇವರು, ಆ ದಡದಲ್ಲಿ ಅವರು ಎಂದು ಗುರುತು ಹಾಕಿ ಪೂರ್ತಿ ಅಂಕ ತೆಗೆದುಕೊಂಡಿದ್ದಳು. ವಿಶ್ವವಿದ್ಯಾಲಯಕ್ಕೆ ಎರಡನೆಯ ರ್‍ಯಾಂಕು. ಫಲಿತಾಂಶ ಬಂದ ತಿಂಗಳೇ ಮದುವೆ. ಗಂಡಿನ ಮನೆಯವರಿಗೆ ಕೊಟ್ಟ ಚೀಟಿಯಲ್ಲಿ ‘ಹುಡುಗಿ ಬಿ.ಎ.’ ಎಂದು ಎರಡೇ ಪದ. ಆ ಎರಡು ಪದದಾಚೆಗೆ ಯಾರೂ ಏನೂ ಕೇಳಲಿಲ್ಲ. ಬರಬರುತ್ತ ಅವಳಿಗೇ ಮರೆತುಹೋಗಿತ್ತು.

ಇದನ್ನು ಯಾರಿಗಾದರೂ ಆ ಕ್ಷಣವೇ ಹೇಳಬೇಕೆನಿಸಿತು. ಮನೆಗೆ ಬಂದರೆ ಎದುರಿಗಿದ್ದವಳು ಹಿತ್ತಿಲಲ್ಲಿ ಬಟಾಣಿ ಬಿಡಿಸುತ್ತಿದ್ದ ಮದಾಮ್ ಓದೆತ್. ಆಕೆಗೆ ಇಂಗ್ಲಿಷ್ ಬಾರದು, ಇವಳಿಗೆ ಫ್ರೆಂಚ್ ಬಾರದು. ಮೊದಲ ದಿನ ಇವಳು ಇಂಗ್ಲಿಷಿನಲ್ಲಿ, ಆಕೆ ಕೈಸನ್ನೆಯಲ್ಲಿ ಒದ್ದಾಡಿ ಸುಸ್ತಾಗಿದ್ದರು. ಹೇಗೂ ತಿಳಿಯದ ಮೇಲೆ ಇಂಗ್ಲಿಷ್ ಆದರೇನು, ಇನ್ನೊಂದಾದರೇನು? ಪದ್ಮಜಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಿತ್ತಿಲ ಕಲ್ಲಿನ ಮೇಲೆ ಕೂತು, ಓದೆತ್‌ಳ ಬುಟ್ಟಿಯಿಂದ ಒಂದು ಹಿಡಿ ಬಟಾಣಿ ತೆಗೆದುಕೊಂಡು ಸುಲಿಯುತ್ತ ಅಚ್ಚಗನ್ನಡದಲ್ಲಿ ಶುರುಮಾಡಿದಳು. “ನೋಡಿ, ನಿಮ್ಮ ನದಿ ನನಗೆ ಹೊಸದಲ್ಲ.”

ಓದೆತ್ ಕತ್ತೆತ್ತಿ ನೋಡಿದಳು. ಬಟಾಣಿ ಬಿಡಿಸುತ್ತಲೇ ಗಂಭೀರವಾಗಿ ತಲೆಯಾಡಿಸಿದಳು. ಇವಳು ಮುಗಿಸಿದ ಮೇಲೆ ಆಕೆ ಫ್ರೆಂಚಿನಲ್ಲಿ ಕಾಲು ಗಂಟೆ ಮಾತಾಡಿದಳು. ಪದ್ಮಜಾ “ಹೌದೇ? ಆಮೇಲೆ?” ಎಂದಳು. ಆಮೇಲೂ ಇತ್ತು. ಅಮೆರಿಕಕ್ಕೆ ಬಂದ ಹತ್ತು ವರ್ಷದಲ್ಲಿ ಪದ್ಮಜಾ ಒಂದು ವಾಕ್ಯವನ್ನೂ ಒಳಗೊಮ್ಮೆ ಇಂಗ್ಲಿಷಿಗೆ ತಿರುಗಿಸಿ ನೋಡದೆ ಬಿಳಿಯರ ಮುಂದೆ ಬಾಯಿ ಬಿಟ್ಟಿರಲಿಲ್ಲ. ಇಲ್ಲಿ ಅಡ್ಡಿಯೇ ಇಲ್ಲ. ಅತ್ತೆಯ ಬಗ್ಗೆ ಹೇಳಿದಳು. ಎಂ.ಎ.ಗೆ ಸೇರಿಸುತ್ತೇನೆಂದು ಮಾತು ಕೊಟ್ಟು ಮೌನವಾದ ಅಪ್ಪನ ಬಗ್ಗೆ ಹೇಳಿದಳು. ಮಗಳು ಇಂಗ್ಲಿಷಿನಲ್ಲೇ ಉತ್ತರ ಕೊಡುವಾಗ ಎದೆಯಲ್ಲಿ ಏನಾಗುತ್ತದೆಂದು ಹೇಳಿದಳು. ಕೇಳುವವಳಿಗೆ ಒಂದಕ್ಷರ ತಿಳಿಯದು. ತಿಳಿಯದ್ದರಿಂದ ಹೇಳಿದ್ದು ಎಲ್ಲಿಗೂ ಹೋಗಿ ಮುಟ್ಟುವುದೂ ಇಲ್ಲ. ಹೀಗೆ ಇಬ್ಬರೂ ಆರು ದಿನ ಮಾತಾಡಿದರು. ಪಕ್ಕದ ಹಳ್ಳಿಗಳ ಓಣಿ ಸುತ್ತಿದರು. ಒಂದು ದಿನ ಓದೆತ್‌ಳ ಚಪ್ಪಟೆ ತಳದ ದೋಣಿಯಲ್ಲಿ ನದಿಗೂ ಇಳಿದರು. ಈಜು ಬಾರದ ಪದ್ಮಜಾ ಸೀರೆಯನ್ನು ಮೊಣಕಾಲಿಗೆತ್ತಿ ಕಟ್ಟಿ, ನೀರಿಗೆ ಕಾಲು ಇಳಿಬಿಟ್ಟು ಕೂತಳು.

ಸಂಜೆ ಮೇಲೆ ಹೋದರೆ ಗಂಡನ ಪ್ರಶ್ನೆ ಒಂದೇ: “ಎಷ್ಟು ಕೋಟೆ ಆಯ್ತು?”

ಆಗಸ್ಟಿನಲ್ಲಿ ಸ್ಲೈಡುಗಳು ಡೆವಲಪ್ ಆಗಿ ಅಂಚೆಯಲ್ಲಿ ಬಂದವು. ಬೆನ್ನು ನೆಟ್ಟಗಾಗಿದ್ದ ದ್ವಾರಕಾನಾಥ ನೋಟ್‌ಬುಕ್ಕು, ಪೆನ್ನು ಹಿಡಿದು ಹೆಂಡತಿಯ ಮುಂದೆ ಕೂತ.

“ನೀನು ನೋಡಿದ್ದನ್ನ ನನಗೆ ಹೇಳ್ಬಿಡು ಪದ್ದು. ನಾನು ಅವರಿಗೆ ಹೇಳ್ತೀನಿ.”

“ನಾನೇ ಹೇಳಿದ್ರೆ ಆಗೋಲ್ವೇ?”

“ನೀನಾ?” ಅವನ ದನಿಯಲ್ಲಿ ತಾತ್ಸಾರವಿರಲಿಲ್ಲ. ನಾಳೆಯಿಂದ ಮೆಟುಚೆನ್ನಿನ ರೈಲನ್ನು ನಾನೇ ಓಡಿಸುತ್ತೇನೆ ಎಂದಿದ್ದರೆ ಎಷ್ಟು ಆಶ್ಚರ್ಯವೋ ಅಷ್ಟೇ. “ಬೋಂಡ ಯಾರು ಕರೀತಾರೆ?”

ಇನ್ನೊಂದು ಮಾತನ್ನೂ ಅವನು ಸಣ್ಣ ದನಿಯಲ್ಲಿ ಸೇರಿಸಿದ: “ಮಲಗಿದ್ದ ವಿಷಯ ಎಲ್ಲಾ ಬೇಡ ಕಣೆ. ಆ ಶಿವಶಂಕರಪ್ಪ ವರ್ಷಗಟ್ಟಲೆ ಆಡಿಕೊಳ್ತಾರೆ.”

ಪದ್ಮಜಾ ಆ ರಾತ್ರಿ ಸ್ಲೈಡುಗಳನ್ನು ಎರಡು ಗುಂಪು ಮಾಡಿದಳು. ನಯಾಗರಾ ಜಲಪಾತದ ಮುಂದೆ ತಾನು ಯಾಕೆಂದು ತಿಳಿಯದೆ ಅತ್ತದ್ದು, ಅದೇ ನಯಾಗರಾ ಗಂಡನ ಬಾಯಲ್ಲಿ ‘ಸೆಕೆಂಡಿಗೆ ಇಷ್ಟು ಸಾವಿರ ಗ್ಯಾಲನ್’ ಆಗಿ ಇಪ್ಪತ್ತು ಜನರ ಮುಂದೆ ಹರಿದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಈ ಆರು ದಿನಗಳನ್ನು ಗ್ಯಾಲನ್ನಿನ ಲೆಕ್ಕಕ್ಕೆ ಬಿಡಲಾರೆ ಎಂದುಕೊಂಡಳು. ಕೋಟೆ, ಇಗರ್ಜಿ, ಸೇತುವೆ ಎಲ್ಲ ಐವತ್ತೆಂಟು, ಅವನಿಗೆ. ಇಸವಿ, ರಾಜರ ಹೆಸರು, ಗೋಡೆಯ ದಪ್ಪ ಎಲ್ಲ ಬರೆಸಿಕೊಟ್ಟಳು. ಉಳಿದ ಇಪ್ಪತ್ತೆರಡನ್ನು ಹಳದಿ ಡಬ್ಬಿಯಲ್ಲಿ ಹಾಕಿ, ಬಟ್ಟೆಯ ಕಪಾಟಿನಲ್ಲಿ ಹೊದಿಕೆಗಳ ಕೆಳಗೆ ತಳ್ಳಿದಳು.

ಅಕ್ಟೋಬರಿನ ಎರಡನೆಯ ಶನಿವಾರ ಸಂಜೆ ಇಪ್ಪತ್ತು ಜನ ಸೇರಿದರು. ಗಂಡಸರು ಸೋಫಾದ ಮೇಲೆ, ಹೆಂಗಸರು ಅಡಿಗೆಮನೆಯ ಬಾಗಿಲಿಗೆ ಹತ್ತಿರವಾಗಿ ಜಮಖಾನದ ಮೇಲೆ. ಪ್ರೊಜೆಕ್ಟರ್ ಹಾಕಿ, ದೀಪ ಆರಿಸುವ ಕೆಲಸ ರೇಣುವಿನದು. ಪದ್ಮಜಾ ಒಲೆಯ ಮುಂದೆ ನಿಂತು ಕಿವಿಯನ್ನು ಹೊರಗೆ ಕಳಿಸಿದ್ದಳು.

ದ್ವಾರಕಾನಾಥ ಅಂದು ಮಿಂಚಿದ. ಗೋಡೆಯ ದಪ್ಪ ಏಳಡಿ ಎಂದ. ಕುದಿಯುವ ಎಣ್ಣೆಯನ್ನು ಎಲ್ಲಿಂದ ಸುರಿಯುತ್ತಿದ್ದರೆಂದು ಕೋಲಿನಲ್ಲಿ ತೋರಿಸಿದ. “ನಾನು ಈ ಕೋಟೆ ಮೇಲೆ ನಿಂತಾಗ ಮೈ ಜುಮ್ ಅಂತು ನೋಡಿ,” ಎಂದೂ ಸೇರಿಸಿದ. ಪದ್ಮಜಾ ಬಾಣಲೆಗೆ ನಾಲಿಗೆ ಚಾಚಿದಳು. ಶಿವಶಂಕರಪ್ಪ ಎಂದಿನಂತೆ ಮೂರನೆಯ ಕೋಟೆಗೇ ನಿದ್ದೆಗಿಳಿದರು.

ಐವತ್ತೆಂಟಾಯಿತು. ಮುಗಿಯಿತೆಂದು ಪದ್ಮಜಾ ಮೊದಲ ಬೋಂಡವನ್ನು ಎಣ್ಣೆಗೆ ಬಿಟ್ಟಳು. ಆದರೆ ಹೊರಗೆ ಪ್ರೊಜೆಕ್ಟರು ಮತ್ತೆ ಕಟಕ್ ಎಂದಿತು.

ನಡೆದದ್ದಿಷ್ಟು. ಸ್ಲೈಡುಗಳನ್ನು ಕೂರಿಸುವ ಟ್ರೇಯಲ್ಲಿ ಎಂಬತ್ತು ಮನೆಗಳು. ಇಪ್ಪತ್ತೆರಡು ಖಾಲಿ ಉಳಿದದ್ದು ದ್ವಾರಕಾನಾಥನಿಗೆ ಮರ್ಯಾದೆಯ ಪ್ರಶ್ನೆಯಾಗಿ ಕಂಡಿತ್ತು. ಮಧ್ಯಾಹ್ನ ಗೋಡೆಗೆ ಕಟ್ಟಲು ಬಿಳಿ ಹೊದಿಕೆ ಹುಡುಕುವಾಗ ಹಳದಿ ಡಬ್ಬಿ ಸಿಕ್ಕಿತು, ಎಣಿಸಿದರೆ ಸರಿಯಾಗಿ ಇಪ್ಪತ್ತೆರಡು. ಹೆಂಡತಿ ಮರೆತಿರಬೇಕೆಂದು ಅವನ್ನು ಹಾಗೆಯೇ ತುಂಬಿಸಿಬಿಟ್ಟಿದ್ದ. ಒಂದೊಂದನ್ನೇ ನೋಡಲು ಪುರುಸೊತ್ತಿರಲಿಲ್ಲ. ನೂರು ಬಂಡೆಗಳ ಬಗ್ಗೆ ಮಾತಾಡಿದವನಿಗೆ ಇದೇನು ಮಹಾ?

ಹೊದಿಕೆಯ ಮೇಲೆ ಒಂದು ಇಕ್ಕಟ್ಟಿನ ಓಣಿ ಮೂಡಿತ್ತು. ಎರಡು ಹಳೆಯ ಗೋಡೆಗಳ ನಡುವೆ, ಕಲ್ಲಿನ ಕಮಾನಿನ ಕೆಳಗೆ, ಉದ್ದಕ್ಕೂ ಹಸಿರು ಬಟ್ಟೆಯೊಂದು ಗಾಳಿಗೆ ಉಬ್ಬಿತ್ತು.

ದ್ವಾರಕಾನಾಥ ಒಂದು ಕ್ಷಣ ತಡವರಿಸಿದ. “ಇದು... ಊರ ಹಬ್ಬ. ಹಬ್ಬಕ್ಕೆ ಕಟ್ಟೋ ಪತಾಕೆ. ಮಧ್ಯಯುಗದಿಂದಲೂ ಬಂದ ಪದ್ಧತಿ.”

ಹೆಂಗಸರ ಕಡೆ ಗುಸುಗುಸು ಎದ್ದಿತು. ನಿರುಪಮಾಳ ದನಿ ಕೇಳಿಸಿತು: “ಪತಾಕಿಗೆ ಸೆರಗೂ ಅದ ನೋಡ್ರಿ.”

“ಹೋದ ದೀಪಾವಳಿಗೆ ಪದ್ಮಜಾ ಉಟ್ಟಿದ್ದ ಸೀರೆ ಅಲ್ವೇನ್ರಿ ಅದು?” ಎಂದರು ತ್ರಿಪುರಸುಂದರಿ ಆಂಟಿ. ಜಮಖಾನ ಪೂರ್ತಿ ಕಿಸಕ್ಕೆಂದಿತು.

ಒಲೆಯ ಮುಂದೆ ಪದ್ಮಜಾಳ ಕೈ ಹಾಗೇ ನಿಂತಿತು. ತನ್ನ ಡಬ್ಬಿ!

ದ್ವಾರಕಾನಾಥ ಗಡಿಬಿಡಿಯಲ್ಲಿ ಗುಂಡಿ ಒತ್ತಿದ. ಚಿಕ್ಕ ಕಲ್ಲಿನ ಕಟ್ಟಡ, ಬಾಗಿಲಿಲ್ಲದ ಕಪ್ಪು ಬಾಯಿ. “ಇದು ಪುರಾತನ ಪ್ರಾರ್ಥನಾ ಮಂದಿರ,” ಎಂದು ದನಿಯನ್ನು ತಗ್ಗಿಸಿದ. “ಯುದ್ಧದಲ್ಲಿ ಬಾಗಿಲು ಹೋಗಿದೆ ಪಾಪ. ಒಳಗೆ ನಿಂತರೆ ಅದೇನೋ ಶಾಂತಿ.”

ಪದ್ಮಜಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಸಿಟ್ಟು ಬರಬೇಕಾಗಿತ್ತು, ನಗು ಬಂತು. ಇಷ್ಟಕ್ಕೇ ಮುಗಿದಿದ್ದರೆ ಅವಳು ಒಳಗೇ ಇರುತ್ತಿದ್ದಳೋ ಏನೋ. ಮುಂದಿನದು ಬಂತು. ಹಿತ್ತಿಲ ಕಲ್ಲಿನ ಮೇಲೆ ಓದೆತ್, ಮಡಿಲಲ್ಲಿ ಬುಟ್ಟಿ, ಬಟಾಣಿ ಹಿಡಿದ ಕೈ ಗಾಳಿಯಲ್ಲಿ, ಮಾತಿನ ನಡುವೆ ಅರ್ಧ ತೆರೆದ ಬಾಯಿ.

ಇದು ದ್ವಾರಕಾನಾಥನಿಗೆ ಗೊತ್ತಿತ್ತು. ಸಮಾಧಾನದಿಂದ ಹೇಳಿದ: “ಇವರು ನಮ್ಮ ಮನೆ ಓನರು. ಒಂದಕ್ಷರ ಇಂಗ್ಲಿಷ್ ಬರೋಲ್ಲ. ಪದ್ಮಜಾಗೂ ಫ್ರೆಂಚ್ ಬರೋಲ್ವಲ್ಲ, ಪಾಪ, ಇಬ್ಬರೂ ದಿನವಿಡೀ ಸುಮ್ನೆ ಕೂತಿರೋರು. ಮಾತಿಲ್ಲ, ಕತೆಯಿಲ್ಲ.”

ಪದ್ಮಜಾ ಜಾಲರಿ ಸೌಟನ್ನು ಕೈಯಲ್ಲಿ ಹಿಡಿದೇ ಹೊರಗೆ ಬಂದಳು.

“ಮಾತಿತ್ತು,” ಎಂದಳು.

ದನಿ ಸ್ವಲ್ಪ ಜೋರಾಗಿಯೇ ಬಂದಿರಬೇಕು. ಶಿವಶಂಕರಪ್ಪನವರ ಗೊರಕೆ ನಿಂತಿತು. ಕಣ್ಣು ಬಿಟ್ಟು ಹೊದಿಕೆಯ ಮೇಲಿನ ಮುದುಕಿಯನ್ನು ನೋಡಿದರು. “ಅಲ್ರೀ ದ್ವಾರಕಾನಾಥ್, ನಿಮ್ಮ ಕ್ಯಾಮೆರಾಕ್ಕ ಮನಶ್ಯಾರೂ ಕಾಣಸ್ತಾರೇನ್ರಿ? ಇಷ್ಟ ದಿನ ಬರೇ ಕಲ್ಲs ಕಾಣಸ್ತಿದ್ದುವು!”

“ಮಾತಿತ್ತು,” ಪದ್ಮಜಾ ಮತ್ತೆ ಹೇಳಿದಳು. “ಆರು ದಿನ ಬೆಳಗಿಂದ ಸಂಜೆವರೆಗೂ ಮಾತಾಡಿದ್ದೀವಿ.”

“ಯಾವ ಭಾಷಾದಾಗ್ರಿ?”

“ಕನ್ನಡದಲ್ಲಿ.”

ಕೋಣೆಯಲ್ಲಿ ನಗು ಎದ್ದಿತು. ಆದರೆ ಡಾಕ್ಟರಿಗೆ ನಿದ್ದೆ ಪೂರ್ತಿ ಬಿಟ್ಟಿತ್ತು. “ಅಂದ್ರ ಇವನ್ನೆಲ್ಲ ತಗದವರು ನೀವು. ಹಂಗಾದ್ರ ಇವರು ಎಲ್ಲಿದ್ರು?”

ಎಲ್ಲರೂ ದ್ವಾರಕಾನಾಥನ ಕಡೆ ತಿರುಗಿದರು. ಪ್ರೊಜೆಕ್ಟರಿನ ಬೆಳಕು ಅವನ ಅರ್ಧ ಮುಖದ ಮೇಲೆ ಬಿದ್ದಿತ್ತು. ಅವನು ಹೆಂಡತಿಯನ್ನು ನೋಡಿದ. ಆ ನೋಟ ಪದ್ಮಜಾಳಿಗೆ ಹಳೆಯ ಪರಿಚಯ. ಕೆಲಸಕ್ಕೆ ಕುತ್ತು ಬಂದ ವರ್ಷ, ವೀಸಾದ ಕಾಗದ ತಡವಾದ ವರ್ಷ ಅವನು ಹೀಗೇ ನೋಡಿದ್ದ, ಅವಳು ಹೀಗೇ ಪಕ್ಕದಲ್ಲಿ ನಿಂತು ಏನೋ ಒಂದು ಹೇಳಿ ಮುಚ್ಚಿಹಾಕಿದ್ದಳು. ಈಗಲೂ ಮಾತು ಸಿದ್ಧವಿತ್ತು: ಅವರು ಕೋಟೆ ಕಡೆ ಹೋಗಿದ್ರು, ನಾನು ಮನೇಲಿದ್ದೆ. ಆರೇ ಪದ. ಹೇಳಿ ಒಳಗೆ ಹೋದರೆ ಬೋಂಡ ಸೀಯುವುದಿಲ್ಲ. ಆ ಆರು ದಿನ ಮಾತ್ರ ಮತ್ತೆಂದೂ ಅವಳವಾಗಿ ಉಳಿಯುವುದಿಲ್ಲ.

“ಮಲಗಿದ್ರು,” ಎಂದಳು. “ಅಕ್ಕಿ ಸೂಟ್‌ಕೇಸು ಎತ್ತೋಕೆ ಹೋಗಿ ಬೆನ್ನು ಹಿಡ್ಕೊಂಡಿತ್ತು. ಆರು ದಿನ ಅಂಗಾತ. ನೀವು ಈಗ ನೋಡಿದ ಮಂದಿರ ಇದೆಯಲ್ಲ, ಅದು ಕೋಳಿಗೂಡು. ಅದರ ಬಾಗಿಲು ಇವರ ಹಾಸಿಗೆ ಕೆಳಗಿತ್ತು.”

“ಕೋಳಿ...?” ದ್ವಾರಕಾನಾಥನ ಬಾಯಿ ತೆರೆದುಕೊಂಡಿತು. “ಕೋಳಿಗೂಡಿಂದಾ? ನನಗೆ ಹೇಳಲೇ ಇಲ್ವಲ್ಲೇ!”

ಯಾರಿಗೂ ನಗುವ ಧೈರ್ಯವಾಗಲಿಲ್ಲ. ಪದ್ಮಜಾ ಗಂಡನ ಮುಖ ನೋಡಿದಳು. ಅತಿಯಾಯಿತೇ? ಅವನು ತಲೆ ತಗ್ಗಿಸಿ ಯೋಚಿಸುತ್ತ ನಿಂತ. ಆಮೇಲೆ ನಿಧಾನವಾಗಿ ಬೆರಳೆತ್ತಿದ.

“ಓಹೋ. ಅದಕ್ಕೇ ದಿನಾ ಬೆಳಿಗ್ಗೆ ಅಷ್ಟೂ ಕೋಳಿಗಳು ನನ್ನ ಕಿಟಕಿ ಕೆಳಗೆ ಬಂದು ಕೂಗ್ತಿದ್ವು! ಬಾಗಿಲು ವಾಪಸ್ ಕೊಡು ಅಂತ!”

ಮನೆ ಬಿದ್ದುಹೋಗುವ ಹಾಗೆ ನಕ್ಕರು. ಎಲ್ಲರಿಗಿಂತ ಮುಂಚೆ ಕಣ್ಣೊರೆಸಿಕೊಂಡವರು ಶಿವಶಂಕರಪ್ಪ. “ನಗಬ್ಯಾಡ್ರಿ,” ಎಂದು ನಿರುಪಮಾ ಗಂಡನನ್ನು ತಿವಿದಳು, “ಲಂಡನ್ನಿಗೆ ಹೋಗುಮುಂದ ನೀವು ಕೋಟಿನ ಕಿಸೆದಾಗ ಜ್ವಾಳದ ಹಿಟ್ಟು ತುಂಬ್ಕೊಂಡು ಹೋಗಿದ್ದು ಹೇಳ್ಲೇನು? ಕಸ್ಟಮ್ಸಿನಾಂವ ಮೂಸಿ ನೋಡಿದ್ದು?” ಮೊಸರಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಫ್ಲಾರಿಡಾದವರೆಗೆ ಹೋದದ್ದನ್ನು ತ್ರಿಪುರಸುಂದರಿ ಆಂಟಿ ತಾವಾಗಿಯೇ ಒಪ್ಪಿಕೊಂಡರು. ಸೂಟ್‌ಕೇಸಿನ ಪಾಪ ಮಾಡದ ಒಂದು ಮನೆಯೂ ಅಲ್ಲಿರಲಿಲ್ಲ.

ಅಡಿಗೆಮನೆಯಿಂದ ಸೀದ ವಾಸನೆ ಬಂತು.

“ಪದ್ದು, ಬೋಂಡ!” ಎಂದ ದ್ವಾರಕಾನಾಥ.

ಪದ್ಮಜಾ ಜಾಲರಿ ಸೌಟನ್ನು ಅವನ ಕೈಗಿಟ್ಟಳು. ಅವನ ಇನ್ನೊಂದು ಕೈಯಿಂದ ಪ್ರೊಜೆಕ್ಟರಿನ ತಂತಿಗಿದ್ದ ಗುಂಡಿಯನ್ನು ತೆಗೆದುಕೊಂಡಳು. “ಉರಿ ಸಣ್ಣ ಮಾಡಿ. ಕೆಂಪಗಾದ ಮೇಲೆ ತೆಗೀರಿ. ಜಾಸ್ತಿ ತಿರುವಬೇಡಿ.”

ಅವನು ಸೌಟನ್ನೂ ಹೆಂಡತಿಯನ್ನೂ ಒಂದೆರಡು ಸಲ ನೋಡಿದ. ಎಲ್ಲರ ಕಣ್ಣೂ ತನ್ನ ಮೇಲಿರುವುದನ್ನು ಕಂಡು, “ಕೆಮಿಸ್ಟ್ರಿ ತಾನೆ,” ಎಂದು ಗೊಣಗುತ್ತ ಒಳಗೆ ಹೋದ.

ಪದ್ಮಜಾ ಪ್ರೊಜೆಕ್ಟರಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಸ್ಲೈಡ್ ಸಂಜೆಯಲ್ಲಿ ಅವಳು ಕೂತದ್ದು ಅದೇ ಮೊದಲು. ಗುಂಡಿ ಒತ್ತಿದಳು.

ನದಿ ಬಂತು. ಚಪ್ಪಟೆ ದೋಣಿ, ಅದರಲ್ಲಿ ಸೀರೆ ಮೊಣಕಾಲಿಗೇರಿಸಿ, ನೀರಿಗೆ ಕಾಲು ಇಳಿಬಿಟ್ಟು, ತಲೆ ಹಿಂದಕ್ಕೆ ಚೆಲ್ಲಿ, ಹಲ್ಲೆಲ್ಲ ಕಾಣುವ ಹಾಗೆ ನಗುವ ಹೆಂಗಸು. ಬಾಯಲ್ಲಿ ಏನೋ ಮಾತಿದ್ದ ಹಾಗಿತ್ತು. ಓದೆತ್ ತೆಗೆದ ಚಿತ್ರ. ಸ್ವಲ್ಪ ಓರೆಯಾಗಿ ಬಂದಿತ್ತು.

ಜಮಖಾನದ ಮೇಲಿನ ಹೆಂಗಸರು ಕತ್ತು ಮುಂದೆ ಚಾಚಿದರು.

ಸ್ವಿಚ್ಚಿನ ಹತ್ತಿರ ನಿಂತಿದ್ದ ರೇಣು ಎರಡು ಹೆಜ್ಜೆ ಮುಂದೆ ಬಂದಳು. “ಮಾಮ್, ಈಸ್ ದಟ್ ಯು?”

“ನಾನೇ ಕಣೇ.”

“ಯು ಲುಕ್ ಸೋ...” ಮುಂದಿನ ಪದ ಅವಳಿಗೆ ಯಾವ ಭಾಷೆಯಲ್ಲೂ ಸಿಗಲಿಲ್ಲ. ಬಂದು ತಾಯಿಯ ಕಾಲ ಬಳಿ ನೆಲದ ಮೇಲೆ ಕೂತಳು.

“ಏನ್ ಹೇಳ್ಕೋತ ಹಂಗ ನಗ್ಲಿಕ್ಕತ್ತಿದ್ರಿ?” ಎಂದಳು ನಿರುಪಮಾ. ಅವಳ ದನಿಯಲ್ಲಿ ತಮಾಷೆ ಹೋಗಿ ಬೇರೇನೋ ಬಂದಿತ್ತು.

ಪದ್ಮಜಾ ಓದೆತ್‌ಳ ಮುಂದೆ ಎಲ್ಲವನ್ನೂ ಹೇಳಿದ್ದು ಆಕೆಗೆ ತಿಳಿಯುವುದಿಲ್ಲ ಎಂಬ ಭರವಸೆಯಿಂದ. ಇಲ್ಲಿ ಕೂತ ಇಪ್ಪತ್ತು ಜನಕ್ಕೂ ಒಂದೊಂದು ಅಕ್ಷರವೂ ತಿಳಿಯುತ್ತದೆ. ನಾಳೆ ಫೋನಿನಿಂದ ಫೋನಿಗೆ ಹರಿಯುತ್ತದೆ. ಅತ್ತೆಯ ಮಾತನ್ನು ಇಲ್ಲಿ ಎತ್ತಲಾರಳು, ಅಪ್ಪನ ಮಾತನ್ನೂ. ಅವೆರಡು ಓದೆತ್‌ಳ ಹಿತ್ತಿಲಲ್ಲೇ ಇರಲಿ. ಉಳಿದದ್ದಕ್ಕೇನು?

“ಎಲ್ಲಾ ಒಟ್ಟಿಗೆ ಹೇಳೋಕಾಗಲ್ಲ,” ಎಂದಳು. “ಮೊದಲು ಆ ಎರಡು ಕೋಟೆ ಜಗಳ ಹೇಳ್ಬೇಕು. ನಿಮಗೆ ಗೋಡೆ ದಪ್ಪ ಹೇಳಿದ್ರಲ್ಲ, ಒಳಗಿದ್ದ ಹೆಂಗಸರ ಪಾಡು ಯಾರೂ ಹೇಳಲಿಲ್ಲ.”

“ನಿಮಗ ಇದೆಲ್ಲ ಹೆಂಗ ಗೊತ್ತ್ರೀ?” ಎಂದು ಶಿವಶಂಕರಪ್ಪ ದಿಂಬನ್ನು ಬೆನ್ನಿಂದ ತೆಗೆದು ಮಡಿಲಿಗಿಟ್ಟುಕೊಂಡರು.

“ಓದಿದ್ದೀನಿ,” ಎಂದಳು ಪದ್ಮಜಾ. “ಮೈಸೂರಿನಲ್ಲಿ. ಸೆಕೆಂಡ್ ರ್‍ಯಾಂಕು.”

ಅಡಿಗೆಮನೆಯಲ್ಲಿ ಸೌಟಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಅವಳು ಹೇಳತೊಡಗಿದಳು. ಇಂಗ್ಲಿಷರ ಕಡೆಯವನನ್ನು ಮದುವೆಯಾದ ಅಕ್ಕ ಈ ದಡದಲ್ಲಿ, ಫ್ರೆಂಚರ ಕಡೆಯ ತಂಗಿ ಆ ದಡದಲ್ಲಿ ಎಂದು ಎಲ್ಲೂ ಬರೆದಿರಲಿಲ್ಲ. ಆದರೆ ಇದ್ದಿರಲೇಬೇಕಲ್ಲ ಎಂದಳು. ಹೆಂಗಸರು ಹೌದೆಂದರು. ಅಷ್ಟು ವರ್ಷ ಯುದ್ಧವಾದರೆ ಯಾರ ಮನೆಯ ಬಾಣಂತನಕ್ಕೆ ಯಾರು ಹೋಗುತ್ತಿದ್ದರು ಎಂದು ತ್ರಿಪುರಸುಂದರಿ ಆಂಟಿ ಚಿಂತೆ ಮಾಡಿದರು. ಮಾತಿಗೆ ಮಾತು ಸೇರಿತು. ಹೊದಿಕೆಯ ಮೇಲಿನ ಹೆಂಗಸು ಕಾಲನ್ನು ನೀರಿನಿಂದ ತೆಗೆಯದೆ ನಗುತ್ತಲೇ ಇದ್ದಳು.

“ಪದ್ದೂ!” ಒಳಗಿನಿಂದ ದ್ವಾರಕಾನಾಥ ಕೂಗಿದ. “ಒಂದೇ ಸ್ಲೈಡನ್ನ ಅಷ್ಟು ಹೊತ್ತು ಇಡಬಾರದು, ಬಿಸಿಗೆ ಹಾಳಾಗುತ್ತೆ! ಮುಂದಿನದು ಹಾಕು!”

“ಹಾಕ್ತೀನಿ, ಇರ್‍ರೀ,” ಎಂದಳು ಪದ್ಮಜಾ. “ಇನ್ನೂ ದೋಣಿ ದಡ ಬಿಟ್ಟಿಲ್ಲ.”